ಬಾಗಿಲಿಗಿಟ್ಟ ಕುರ್ಚಿ

ನಮ್ಮ ಊರಿನಲ್ಲಿ ಯಾರ ಮನೆಗೆ ಹೋದರೂ ಜನ ಮೊದಲು ನೋಡುವುದು ಕುರ್ಚಿಯ ಕಾಲುಗಳನ್ನು. ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗುತ್ತಾರೆ, ಕಣ್ಣು ಕುರ್ಚಿಯ ಕೆಳಗೆ ಹೋಗಿ ಬರುತ್ತದೆ, ಆಮೇಲೆ ‘ಚೆನ್ನಾಗಿದೀರಾ’ ಅನ್ನುತ್ತಾರೆ. ವಯಸ್ಸಾದವರು ದಿನಗಟ್ಟಲೆ ಒಂದೇ ಕಡೆ ಕೂತರೆ ಇಲ್ಲಿ ಅವರು ಕೂತದ್ದು ಚಿಗುರುತ್ತದೆ. ಹಲಸಿನ ಮರದ ಕುರ್ಚಿಯಾದರೆ ಕೆಂಪು ಚಿಗುರು, ಕಬ್ಬಿಣದ್ದಾದರೆ ಸಣ್ಣ ನೀಲಿ ಕುಡಿ, ಪ್ಲಾಸ್ಟಿಕ್ ಕುರ್ಚಿಗೆ ಬರುವ ಎಲೆಗೆ ಬಣ್ಣವೇ ಇಲ್ಲ, ಈರುಳ್ಳಿ ಸಿಪ್ಪೆಯ ಹಾಗಿರುತ್ತದೆ. ಕ್ಷೌರದ ಅಂಗಡಿಯವನು ಗಿರಾಕಿಗಳ ತಲೆಯ ಜೊತೆಗೆ ತನ್ನ ಬೆಂಚಿಗೂ ಕತ್ತರಿ ಆಡಿಸುತ್ತಾನೆ. ಬಸ್ ನಿಲ್ದಾಣದಲ್ಲಿ ಇಸ್ಪೀಟಾಡುವ ಮುದುಕರ ಕಲ್ಲುಬೆಂಚು ಎಷ್ಟು ಸೊಂಪಾಗಿದೆಯೆಂದರೆ ಊರಿನ ಮೇಕೆಗಳು ಬೇರೆಲ್ಲೂ ಮೇಯುವುದಿಲ್ಲ. ಬೀದಿಯಲ್ಲಿ ಚಿಗುರಿದರೆ ಅದು ತಮಾಷೆ. ಮನೆಯೊಳಗೆ ಚಿಗುರಿದರೆ ನಾಚಿಕೆ.

ಮನೆಯೊಳಗೆ ಚಿಗುರಿದರೆ ಮಾಡಬೇಕಾದದ್ದು ಒಂದಿದೆ. ಆ ಕುರ್ಚಿಯನ್ನು ಎತ್ತಿ ಬಾಗಿಲ ಮುಂದೆ, ಬೀದಿಗೆ ಕಾಣುವ ಹಾಗೆ ಇಡಬೇಕು. ಕಂಡ ನೆರೆಯವರು ಬಂದು, ಅದರಲ್ಲಿ ಕೂರುತ್ತಿದ್ದವರ ಕೈ ಹಿಡಿದು ಮುಂದಿನ ಮನೆಯ ತನಕ ನಡೆಸುತ್ತಾರೆ. ಆ ಮನೆಯವರು ಅದರಾಚೆಯ ಮನೆಗೆ ದಾಟಿಸುತ್ತಾರೆ. ಹಾಗೇ ಬೀದಿಯುದ್ದಕ್ಕೂ. ಕೈ ಹಿಡಿದವರು ಮಾತಾಡಿಸುತ್ತಲೇ ಇರಬೇಕು, ನಡೆಯುವವರು ಉತ್ತರ ಕೊಡುತ್ತಲೇ ಇರಬೇಕು. ಉತ್ತರ ಕೊಡುವಾಗ ಏದುಸಿರು ಬಂದರೆ ಅಲ್ಲೇ ನಿಲ್ಲಬೇಕು. ಮನೆಯವರು ಮಾತ್ರ ಹಿಂದೆ ಹೋಗುವ ಹಾಗಿಲ್ಲ. ಕೇಳುವುದಕ್ಕೆ ಇಷ್ಟೇ. ಆದರೆ ಆ ಕುರ್ಚಿಯನ್ನು ಎತ್ತಿ ಹೊಸಿಲು ದಾಟಿಸುವುದಿದೆಯಲ್ಲ, ಅದು ತುಂಬಿದ ಸಂತೆಯಲ್ಲಿ ಸೆರಗು ಜಾರಿದ ಹಾಗೆ.

ನನ್ನ ಮಗ ಕೆಂಪರಾಜು ಇಲ್ಲಿನ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ಈಗ ಅಂಗಡಿಯಲ್ಲಿ, ಆಫೀಸಿನಲ್ಲಿ, ಪಂಚಾಯ್ತಿಯಲ್ಲಿ ದೊಡ್ಡವರಾಗಿ ಕೂತಿರುವವರೆಲ್ಲ ಒಂದು ಕಾಲಕ್ಕೆ ಅವನ ಸೀಟಿಯ ಸದ್ದಿಗೆ ಮೈದಾನ ಸುತ್ತಿದವರೇ. ನಿವೃತ್ತನಾದ ಮೇಲೂ ಬೀದಿಯಲ್ಲಿ ಯಾರಾದರೂ ಗೂನು ಹಾಕಿಕೊಂಡು ನಡೆದರೆ ಹಿಂದಿನಿಂದ ‘ಬೆನ್ನು ನೆಟ್ಟಗೆ!’ ಎಂದು ಕೂಗುತ್ತಿದ್ದ. ಮೀಸೆ ಬೆಳ್ಳಗಾದ ಗಂಡಸರು ಬೆಚ್ಚಿ ನೆಟ್ಟಗಾಗುತ್ತಿದ್ದರು. ನನಗೆ ಒಳಗೊಳಗೇ ಹೆಮ್ಮೆ. ನಾನು ಎಂಬತ್ತು ದಾಟಿದವಳು, ಇನ್ನೂ ನೀರು ಸೇದುತ್ತೇನೆ, ಕಸ ಗುಡಿಸುತ್ತೇನೆ, ಒರಳಿನ ಮುಂದೆ ಕೂತರೂ ರುಬ್ಬಿ ಮುಗಿದ ಕೂಡಲೇ ಎದ್ದುಬಿಡುತ್ತೇನೆ. ನನ್ನ ಮಣೆ ಇವತ್ತಿನ ತನಕ ಒಂದು ಎಲೆ ಬಿಟ್ಟಿಲ್ಲ. ತಾಯಿ ಮಗ ಇಬ್ಬರೂ ಕಾಲ ಮೇಲೆ ನಿಂತ ಜನ ಎಂದು ಊರಿನವರು ಹೇಳುತ್ತಿದ್ದರು.

ಕಳೆದ ಸುಗ್ಗಿಯ ಹೊತ್ತಿಗೆ ನೀರಿನ ಟ್ಯಾಂಕಿನ ಏರಿನಲ್ಲಿ ಅವನು ಕುಸಿದ. ಕರಿಬೇವು ಕಿತ್ತುಕೊಂಡು ಬಾ ಎಂದು ನಾನೇ ಕಳಿಸಿದ್ದೆ. ಮೈಯೆಲ್ಲ ಬೆವರು ಸುರಿದು, ಎಡತೋಳು ಹಿಡಿದುಕೊಂಡು ದಾರಿಬದಿಯ ಕಲ್ಲಿನ ಮೇಲೆ ಕೂತಿದ್ದನಂತೆ, ಮುಷ್ಟಿಯಲ್ಲಿ ಕರಿಬೇವು ಹಾಗೇ ಇತ್ತಂತೆ. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಮನೆಗೆ ಕಳಿಸುವಾಗ ಡಾಕ್ಟರಮ್ಮ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು. ಉಪ್ಪು ಎಣ್ಣೆ ಕಡಿಮೆ ಮಾಡಬೇಕು, ಮಾತ್ರೆ ತಪ್ಪಿಸಬಾರದು, ಕೆಲವು ದಿನ ಸುಧಾರಿಸಿಕೊಂಡ ಮೇಲೆ ದಿನಾ ನಡೆಯಬೇಕು. “ಮಾತಾಡ್ಕೊಂಡು ನಡೆಯೋಷ್ಟು ನಿಧಾನಕ್ಕೆ ಮೇಷ್ಟ್ರೇ. ಎದೆ ಹಿಡಿದ್ರೆ ನಿಂತ್ಬಿಡಿ. ನಾಲಗೆ ಕೆಳಗಿಡೋ ಮಾತ್ರೆ ಜೇಬಲ್ಲಿರ್ಲಿ, ಕಮ್ಮಿ ಆಗ್ಲಿಲ್ಲ ಅಂದ್ರೆ ತಕ್ಷಣ ಇಲ್ಲಿಗೆ ಬನ್ನಿ. ಆದ್ರೆ ಹೆದರ್ಕೊಂಡು ಕೂತ್ಬಿಡ್ಬೇಡಿ. ಹೃದಯಾನೂ ಒಂದು ಸ್ನಾಯುನೇ, ನಿಮಗೆ ನಾನು ಹೇಳ್ಕೊಡ್ಬೇಕಾ?”

ನಡೆಯುವ ಮಾತೊಂದನ್ನು ಬಿಟ್ಟು ಉಳಿದಿದ್ದನ್ನೆಲ್ಲ ನಾನು ಚಾಚೂ ತಪ್ಪದೆ ಮಾಡಿದೆ. ಉಪ್ಪಿನ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿದೆ. ಒಗ್ಗರಣೆಗೆ ಎಣ್ಣೆಯನ್ನು ಹನಿ ಲೆಕ್ಕದಲ್ಲಿ ಹಾಕಿದೆ. ಕಿಟಕಿಯ ಪಕ್ಕ ಅವರಪ್ಪ ಕೂರುತ್ತಿದ್ದ ಹಲಸಿನ ಕುರ್ಚಿ ಹಾಕಿ, ದಿಂಬಿಟ್ಟು, ಅದರಲ್ಲಿ ಅವನನ್ನು ಕೂರಿಸಿದೆ. ಕಾಫಿ ಅಲ್ಲಿಗೇ, ಊಟ ಅಲ್ಲಿಗೇ, ಕೈ ತೊಳೆಯಲು ತಂಬಿಗೆ ಬೇಸಿನ್ ಅಲ್ಲಿಗೇ. ಕಿತ್ತಳೆ ಸುಲಿದು, ಬೀಜ ತೆಗೆದು, ತೊಳೆ ತೊಳೆಯಾಗಿ ಅಂಗೈಗೆ ಇಡುತ್ತಿದ್ದೆ. ಅವನು ಏಳಲು ಹೋದರೆ ‘ಕೂತ್ಕೋ ಮಗಾ, ನಾನಿಲ್ವಾ’ ಅನ್ನುತ್ತಿದ್ದೆ. ಅರವತ್ತು ದಾಟಿದ, ಎದೆಗೂದಲು ನರೆತ ಗಂಡಸು, ಬಾಯಿಗೆ ಹಣ್ಣು ಇಟ್ಟರೆ ಮಗುವಿನ ಹಾಗೆ ಬಾಯಿ ತೆರೆಯುತ್ತಿದ್ದ. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ. ನನಗೆ ಅದು ಇಷ್ಟವಾಗುತ್ತಿತ್ತು. ಮೈದಾನಕ್ಕೆ, ಹೆಂಡತಿಗೆ, ಊರಿಗೆ ಹಂಚಿಹೋಗಿದ್ದ ಮಗ ತಿರುಗಿ ನನ್ನ ಕೈಗೆ ಬಂದಿದ್ದ.

ಸೊಸೆ ಲತಾ ಹಾಲಿನ ಡೈರಿಯಲ್ಲಿ ಕೆಲಸ ಮಾಡುತ್ತಾಳೆ. ಬೆಳಗ್ಗೆ ಹೋದರೆ ಬರುವುದು ಮಧ್ಯಾಹ್ನಕ್ಕೆ. ಹೋಗುವಾಗ ಒಂದು ಸಲ, ಬಂದಾಗ ಒಂದು ಸಲ ಕೇಳುತ್ತಿದ್ದಳು. “ರೀ, ಇವತ್ತಾದ್ರೂ ಪಕ್ಕದ ಸಾಕಮ್ಮನವರ ಮನೆ ತನಕ ಹೋಗಿ ಬಂದ್ರಾ?”

“ನಾಳೆಯಿಂದ ಕಣೇ.”

“ನಾಳೆ ನಾಳೆ ಅಂತ ತಿಂಗಳುಗಟ್ಟಲೆ ಆಯ್ತು. ಮಕ್ಕಳು ಹಿಂಗಂದಿದ್ರೆ ಬಿಸಿಲಲ್ಲಿ ನಿಲ್ಲಿಸ್ತಿದ್ರಿ.”

ನಾನು ಅಡುಗೆಮನೆಯಿಂದಲೇ ಅಡ್ಡ ಬರುತ್ತಿದ್ದೆ. “ಬಿಸಿಲು ಜೋರಾಗಿದೆ ಬಿಡಮ್ಮ.” ಬಿಸಿಲು ಇಲ್ಲದ ದಿನ ಗಾಳಿ ಜೋರಾಗಿರುತ್ತಿತ್ತು. ಗಾಳಿ ಇಲ್ಲದ ದಿನ ಬೀದಿಯಲ್ಲಿ ನಾಯಿಗಳಿರುತ್ತಿದ್ದವು.

“ಅತ್ತೆ, ನೀವು ಈ ವಯಸ್ಸಲ್ಲಿ ಬಾವಿಗೆ ಹೋಗಿ ಬರ್ತೀರಿ. ನಿಮಗೆ ಗಾಳಿ ಹೊಡೆಯಲ್ವಾ?” ಎಂದು ಕೇಳಿ ಅವಳು ಕೊಡ ಎತ್ತಿಕೊಂಡು ಹೊರಟುಹೋಗುತ್ತಿದ್ದಳು.

ಒಂದು ಬೆಳಗ್ಗೆ ಕಾಫಿ ಕುಡಿದು ಅವನು ಕುರ್ಚಿಯಲ್ಲೇ ತೂಕಡಿಸುತ್ತಿದ್ದ. ನಾನು ಕೆಳಗೆ ಕಸ ಗುಡಿಸುತ್ತಿದ್ದೆ. ಹಿಂಗಾಲಿನ ಬುಡದಲ್ಲಿ ಕೆಂಪಗೆ ಏನೋ ಕಂಡಿತು. ಬಳೆಯ ಚೂರು ಎಂದುಕೊಂಡು ಮುಟ್ಟಿದೆ. ಮೆತ್ತಗಿತ್ತು. ಎಳೆಗೂಸಿನ ಕಿವಿಯಷ್ಟು ಮೆತ್ತಗೆ. ಗಂಟಲಿನಿಂದ ಸದ್ದು ಬಾರದ ಹಾಗೆ ತುಟಿ ಕಚ್ಚಿಕೊಂಡು ಚಿವುಟಿದೆ, ಸೆರಗಿನ ತುದಿಗೆ ಕಟ್ಟಿಕೊಂಡೆ. ಮಗನ ಮುಖ ನೋಡಿದೆ. ಕಣ್ಣು ಮುಚ್ಚಿತ್ತು. ಮರುದಿನ ಅಲ್ಲಿ ಎರಡು ಕುಡಿ ಒಡೆದಿದ್ದವು. ಆಮೇಲೆ ದಿನವೂ ಅದೇ ಕೆಲಸ. ಅವನು ತೂಕಡಿಸುವ ತನಕ ಕಾಯುವುದು, ಬಗ್ಗಿ ಕೀಳುವುದು, ಸೆರಗಿಗೆ ಕಟ್ಟುವುದು.

ಕಿತ್ತ ಚಿಗುರನ್ನು ಏನು ಮಾಡುವುದು? ತಿಪ್ಪೆಗೆ ಹಾಕಿದರೆ ಯಾರಾದರೂ ನೋಡುತ್ತಾರೆ. ಒಲೆಗೆ ಹಾಕಿದರೆ ಹಲಸಿನ ವಾಸನೆ ಬೀದಿಗೆಲ್ಲ ಹಬ್ಬುತ್ತದೆ. ಕೊನೆಗೆ ಸೊಪ್ಪಿನ ಜೊತೆ ಹೆಚ್ಚಿ ಬಸ್ಸಾರು ಮಾಡಿಬಿಟ್ಟೆ. ಡ್ರಿಲ್ ಮೇಷ್ಟ್ರ ಕುರ್ಚಿ ಚಿಗುರಿದೆ ಎಂದು ಊರು ನಗುವುದಕ್ಕಿಂತ ಅದನ್ನು ನಾವೇ ನುಂಗುವುದು ಮೇಲು ಅನ್ನಿಸಿತು.

“ಏನ್ ಸೊಪ್ಪಮ್ಮ ಇದು?” ಎಂದ ಕೆಂಪ, ಮೊದಲ ತುತ್ತಿಗೇ. “ಬಾಯಿಗಿಟ್ಟಾಗ ಚೆನ್ನಾಗಿದೆ, ಕೊನೇಲಿ ಕಹಿ.”

“ಬೆರಕೆ ಸೊಪ್ಪು ಕಣಪ್ಪ. ಎದೆಗೆ ಒಳ್ಳೇದು.”

ಅವನು ತಟ್ಟೆ ನೋಡಿಕೊಂಡು ಉಂಡ. ಲತಾ ನನ್ನ ಮುಖ ನೋಡಿಕೊಂಡು ಉಂಡಳು. ಮಗನ ಕಾಯಿಲೆಯನ್ನು ಮಗನಿಗೇ ಬಡಿಸಿ ‘ಇನ್ನೊಂಚೂರು ಹಾಕ್ಲಾ’ ಎಂದು ಕೇಳಿದ ತಾಯಿ ನಾನು.

ಹೀಗೇ ನಡೆದುಹೋಗುತ್ತಿತ್ತೋ ಏನೋ. ಒಂದು ದಿನ ಲತಾ ನನಗೆ ಹೇಳದೆ ಒಂದು ಬಟ್ಟಲು ಬಸ್ಸಾರನ್ನು ಪಕ್ಕದ ಮನೆಯ ಸಾಕಮ್ಮನಿಗೆ ಕೊಟ್ಟುಬಂದಳು. ಅವರ ಮನೆಯಲ್ಲಿ ಅವತ್ತು ಗ್ಯಾಸ್ ಮುಗಿದಿತ್ತಂತೆ. ಸಾಕಮ್ಮ ಸಾಮಾನ್ಯದವಳಲ್ಲ. ಸಾರಿನ ಘಮ ನೋಡಿಯೇ ಯಾವ ಅಂಗಡಿಯ ಮೆಣಸಿನಕಾಯಿ ಎಂದು ಹೇಳುವ ಹೆಂಗಸು. ಆ ಮಧ್ಯಾಹ್ನವೆಲ್ಲ ಬಾಗಿಲು ಸಪ್ಪಳವಾದಾಗಲೆಲ್ಲ ನಾನು ಒಳಕೋಣೆಗೆ ಹೋದೆ.

ಮರುದಿನ ಬೆಳಗ್ಗೆ ಅವಳೇ ಬಂದಳು. ನಮ್ಮಲ್ಲಿ ಬಟ್ಟಲನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಎಲೆ ಮುಚ್ಚಿದ ಬಟ್ಟಲನ್ನು ನನ್ನ ಕೈಗಿಟ್ಟು, ಕೆಂಪನನ್ನು ಕಿಟಕಿಯಿಂದ ಒಂದು ಸಲ ನೋಡಿ, “ಅಕ್ಕಾ, ಪಲ್ಯ ಮಾಡಿದ್ದೆ. ತಿಂದು ನೋಡಿ” ಎಂದಳು. ನಾನು ಅಲ್ಲೇ ನಿಂತು ಎಲೆ ಸರಿಸಿ ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡೆ. ಮೊದಲು ರುಚಿ, ಕೊನೆಯಲ್ಲಿ ಕಹಿ. ಅದೇ ಕಹಿ.

ಇಬ್ಬರೂ ಒಬ್ಬರನ್ನೊಬ್ಬರು ನೋಡಲಾರದೆ ರಂಗೋಲಿ ನೋಡುತ್ತ ನಿಂತೆವು.

“ನಮ್ಮನೇದು ಬೆತ್ತದ ಕುರ್ಚಿ,” ಎಂದಳು ಸಾಕಮ್ಮ ಮೆಲ್ಲಗೆ. ಅವಳ ಗಂಡ ದೊಡ್ಡಯ್ಯನಿಗೂ ಎದೆಯದೇ ತೊಂದರೆ. “ಮೆಂತ್ಯ ಸೊಪ್ಪು ಹಾಕಿ ಮುಚ್ಚಿಬಿಡ್ತೀನಿ ಅಕ್ಕಾ. ಆದ್ರೂ ಗೊತ್ತಾಗುತ್ತೆ, ಅಲ್ವಾ?”

“ಗೊತ್ತಾಗುತ್ತೆ.”

“ನಿಮ್ಮದು ಇನ್ನೂ ಎಳೇದು. ನಮ್ಮದು ಬಲಿತುಹೋಯ್ತು. ಎಳೇದಾಗಿದ್ದಾಗ್ಲೇ ಬಾಗಿಲಿಗೆ ಇಟ್ಟಿದ್ರೆ...” ಮಾತು ಮುಗಿಸದೆ ಸೆರಗಿನಿಂದ ಮೂಗು ಒರೆಸಿಕೊಂಡಳು. “ನೆಲ ಮಾತ್ರ ನೋಡ್ತಿರಿ. ನಮ್ಮದು ನೆಲ ಹಿಡಿದದೆ. ಇವರು ಎದ್ದರೂ ನಾಲ್ಕು ಹೆಜ್ಜೆಗೆ ವಾಪಸ್ಸು.”

ಅವಳು ಹೋದ ಕೂಡಲೇ ನನಗೆ ಮೇಲಿನ ಬೀದಿಯ ಪಟೇಲರು ನೆನಪಾದರು. ಅವರ ಕುರ್ಚಿ ನೆಲ ಹಿಡಿದಿತ್ತು. ಊರಿನ ಗಟ್ಟಿ ಆಳುಗಳೆಲ್ಲ ಸೇರಿ ಎಳೆದರೂ ಅಲುಗಲಿಲ್ಲ. ಪಟೇಲರಿಗೂ ಅದನ್ನು ಬಿಟ್ಟು ದೂರ ಹೋಗಲು ಆಗಲಿಲ್ಲ. ಮಗಳ ಮದುವೆಯ ಚಪ್ಪರವನ್ನು ಅವರ ಸುತ್ತಲೇ ಹಾಕಿದರು. ಧಾರೆ ಎರೆಯುವಾಗಲೂ ಅವರು ಕೂತೇ ಇದ್ದರು. ಅದೇ ವರ್ಷ ಅವರ ಎದೆ ನಿಂತುಹೋಯಿತು. ಕುರ್ಚಿ ಮಾತ್ರ ಈಗಲೂ ಹೂ ಬಿಡುತ್ತದೆ.

ಬಟ್ಟಲನ್ನು ಕೆಳಗಿಟ್ಟು ನಡುಮನೆಗೆ ಬಂದೆ. ಕೆಂಪ ತೂಕಡಿಸುತ್ತಿದ್ದ. ಬಗ್ಗಿ ಕುರ್ಚಿಯ ಹಿಂಗಾಲನ್ನು ಹಿಡಿದು ಅಲುಗಿಸಿದೆ. ಮುಂಗಾಲುಗಳು ಕಿರುಗುಟ್ಟಿದವು. ಹಿಂಗಾಲು ಅಲುಗಲಿಲ್ಲ. ಎರಡು ಚಪ್ಪಡಿಗಳ ಸಂದಿಗೆ ಬೆಳ್ಳಗೆ, ಶಾವಿಗೆಯಷ್ಟು ಸಣ್ಣ ಬೇರು ಇಳಿದಿತ್ತು. ದಿನವೂ ಮೇಲಿನ ಚಿಗುರನ್ನು ಕಿತ್ತು ಗೆದ್ದೆ ಎಂದುಕೊಂಡಿದ್ದೆ, ಅದು ಕೆಳಗೆ ದಾರಿ ಮಾಡಿಕೊಂಡಿತ್ತು. ಅಡುಗೆಮನೆಯಿಂದ ಈಳಿಗೆ ತಂದು ನೆಲದ ಮೇಲೆ ಕೂತೆ. ಈಳಿಗೆ ಚಪ್ಪಡಿಗೆ ತಗಲಿ ಸದ್ದಾಯಿತು.

“ಹುಷಾರು, ಕೈ ಕುಯ್ಕೊಂಡೀಯ” ಎಂದ ಕೆಂಪ. ಕಣ್ಣು ಮುಚ್ಚಿಕೊಂಡೇ ಹೇಳಿದ.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. “ಎದ್ದಿದ್ದೀಯಾ?”

“ದಿನಾ ಎದ್ದೇ ಇರ್ತೀನಿ ಕಣಮ್ಮ. ನೀನು ಕಿತ್ತು ಮುಗಿಸಲಿ ಅಂತ ಕಣ್ಣು ಮುಚ್ಕೊಂಡಿರ್ತೀನಿ.”

“ಸಾರು?”

“ನಾನು ಹುಟ್ಟಿದ್ದು ಇದೇ ಊರಲ್ಲಿ. ಕುರ್ಚಿ ಸೊಪ್ಪಿನ ಕಹಿ ಗೊತ್ತಾಗಲ್ವಾ?”

ಇಷ್ಟು ದಿನ ನಾನು ಅವನಿಂದ ಬಚ್ಚಿಡುತ್ತಿದ್ದೆ. ಅವನು ನನಗೆ ಬಚ್ಚಿಡಲು ಬಿಡುತ್ತಿದ್ದ. ಈಳಿಗೆಯನ್ನು ಪಕ್ಕಕ್ಕೆ ಸರಿಸಿ ಅವನ ಕಾಲ ಹತ್ತಿರವೇ ಕೂತೆ. ಓಡಿ ಓಡಿ ಗಟ್ಟಿಯಾಗಿದ್ದ ಆ ಮೀನಖಂಡಗಳು ಹಳೆಯ ದಿಂಬಿನ ಹಾಗೆ ಸಡಿಲವಾಗಿದ್ದವು.

“ಯಾಕಪ್ಪಾ ಏಳಲ್ಲ ನೀನು?” ಎಂದೆ. ಆ ಮಾತನ್ನು ಅವನನ್ನು ಕೇಳಿದ್ದು ಅದೇ ಮೊದಲು.

ಅವನು ಕಣ್ಣು ತೆರೆದು ಕಿಟಕಿಯಾಚೆ ನೋಡುತ್ತ ಹೇಳಿದ. “ಎದ್ದು ಹೆಜ್ಜೆ ಇಟ್ಟ ತಕ್ಷಣ ಒಳಗೆ ಕಿವಿ ಕೊಡ್ತೀನಮ್ಮ. ಇದು ಬರೀ ಉಸಿರಾ, ಇಲ್ಲಾ ಅವತ್ತಿನ ಥರಾನೇ ಆಗ್ತಿದ್ಯಾ ಅಂತ. ಟ್ಯಾಂಕಿನ ಏರಲ್ಲಿ ನಾನು ಕಲ್ಲಿನ ಮೇಲೆ ಕೂತಾಗ ಯಾರೂ ಇರ್ಲಿಲ್ಲ. ಒಂದು ದನ ಇತ್ತು. ಅದರ ಮುಖ ನೋಡ್ತಾ, ಇದೇ ಕೊನೆ ಅಂದ್ಕೊಂಡೆ.” ಆಮೇಲೆ ಧ್ವನಿ ಇನ್ನೂ ಇಳಿಯಿತು. “ಮತ್ತೆ, ಬಾಗಿಲಿಗೆ ಕುರ್ಚಿ ಇಟ್ರೆ ಬರೋರು ಯಾರು? ನಾನು ಕಿವಿ ಹಿಂಡಿದವರು. ಸೈಕಲ್ ಅಂಗಡಿ ಮುನಿಸ್ವಾಮಿ ಒಂದು ಸುತ್ತು ಬಾಕಿ ಇಟ್ಟು ಕೂತಾಗ ಹೆಳವ ಅಂದಿದ್ದೆ, ಎಲ್ಲರ ಎದುರಿಗೆ. ಅವನ ಕೈ ಹಿಡ್ಕೊಂಡು ನಾನು ನಡೀಬೇಕಾ?”

ನಾನು ಅವನ ಪಾದ ಹಿಡಿದುಕೊಂಡೆ. ಸಮಾಧಾನದ ಮಾತು ನಾಲಗೆಯ ತುದಿಗೆ ಬಂದಿತ್ತು. ಬೇಡ ಬಿಡು ಮಗಾ, ನಾನಿಲ್ವಾ ಎಂಬ ಅದೇ ಮಾತು. ಕಷ್ಟಪಟ್ಟು ನುಂಗಿದೆ. “ನನಗೂ ಹೆದರಿಕೆ ಕಣೋ. ಕರಿಬೇವಿಗೆ ಕಳಿಸಿದ್ದು ನಾನು. ತಿರುಗಿ ಕಳಿಸೋಕೆ ನನ್ನಿಂದ ಆಗ್ಲಿಲ್ಲ. ನೀನು ಕೂತಿದ್ರೆ ನನಗೆ ಕಾಣ್ತಿರ್ತೀಯ ಅಂತ ಕೂರಿಸಿದೆ. ನನ್ನ ಸಮಾಧಾನಕ್ಕೆ ನಿನ್ನ ಕಾಲು ತೆಗೆದೆ.”

ಅವನು ಕುರ್ಚಿಯ ಕೈ ಹಿಡಿದು ಎದ್ದ, ಗೋಡೆಗೆ ಒರಗಿ ನಿಂತ. ಜೇಬು ಮುಟ್ಟಿ ನೋಡಿಕೊಂಡ, ಮಾತ್ರೆ ಇದೆಯೇ ಎಂದು. ನಾನು ಬೇರು ಕೊಯ್ದೆ. ಶಾವಿಗೆಯಷ್ಟು ಸಣ್ಣದಾದರೂ ಹಸಿ ತೊಗಲಿನ ಹಾಗೆ ಜಿಗುಟು. ತುಂಡಾದಾಗ ಹಾಲಿನಂಥ ರಸ ಒಸರಿತು. ಆ ದಿನದ ಚಿಗುರನ್ನು ಮಾತ್ರ ಕೀಳಲಿಲ್ಲ. ನಾಲ್ಕು ಕಾಲಿಗೂ ಕೆಂಪು ಕುಡಿಗಳಿದ್ದವು, ಹಾಗೇ ಬಿಟ್ಟೆ.

ಕುರ್ಚಿಯನ್ನು ಎಳೆದುಕೊಂಡು ಹೊಸಿಲ ತನಕ ಬಂದೆ. ಮೊದಲು ಅದರ ಮುಂಗಾಲು, ಆಮೇಲೆ ಹಿಂಗಾಲು ದಾಟಿಸಿದೆ. ಬೀದಿಯಲ್ಲಿ ತರಕಾರಿ ಗಾಡಿಯ ಸುತ್ತ ನಾಲ್ಕೈದು ಹೆಂಗಸರಿದ್ದರು. ಕುರ್ಚಿ ಕಂಡ ಕೂಡಲೇ ಚೌಕಾಸಿ ನಿಂತಿತು. ಒಬ್ಬಳು ಬಾಯಿಗೆ ಸೆರಗು ಹಿಡಿದಳು. “ಮೇಷ್ಟ್ರದಾ?” ಎಂದು ಯಾರೋ ಪಿಸುಗುಟ್ಟಿದ್ದು ಕೇಳಿಸಿತು. ನನ್ನ ಮುಖಕ್ಕೆ ಬೆಂಕಿ ಹಚ್ಚಿದ ಹಾಗಾಯಿತು. ಕುರ್ಚಿಯನ್ನು ಬೀದಿಯ ಕಡೆಗೆ ಮುಖ ಮಾಡಿ ಇಟ್ಟು, ಅದರ ಬೆನ್ನಿಗೆ ಕೈಯೂರಿ ನಿಂತೆ. ಒಳಗೆ ಓಡಿಹೋಗಲು ಮನಸ್ಸು ಎಳೆಯುತ್ತಿತ್ತು. ಹೋಗಲಿಲ್ಲ. ಹಿಂದೆ ಕೆಂಪ ತಲೆ ತಗ್ಗಿಸಿ ನಿಂತಿದ್ದ. ಬೆನ್ನು ನೆಟ್ಟಗಿರಲಿಲ್ಲ.

ಪಕ್ಕದ ಬಾಗಿಲು ತೆರೆಯಿತು. ಸಾಕಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. ಕುರ್ಚಿಯನ್ನಾಗಲಿ ನನ್ನನ್ನಾಗಲಿ ನೋಡದೆ ನೇರವಾಗಿ ಹೋಗಿ ಕೆಂಪನ ಕೈ ಹಿಡಿದಳು. “ಬನ್ನಿ ಮೇಷ್ಟ್ರೇ. ನನಗೂ ಮಂಡಿ ನೋವು, ಬೇಗ ನಡೀಬೇಡಿ. ಏನಡುಗೆ ಇವತ್ತು?”

“ಅಮ್ಮನ್ನೇ ಕೇಳಬೇಕು ಚಿಕ್ಕಮ್ಮ,” ಎಂದ ಅವನು. “ಸೊಪ್ಪಂತೂ ಇರಲ್ಲ.”

ಸಾಕಮ್ಮ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಇಬ್ಬರೂ ಬೀದಿಗೆ ಇಳಿದರು. ನಾನು ಹೊಸಿಲ ಮೇಲೆ ಕೂತೆ. ಹಿಂದೆ ಹೋಗುವ ಹಾಗಿಲ್ಲ, ಕೇಳಿಸಿಕೊಳ್ಳಬಹುದು. ಅವನ ಧ್ವನಿ ಸಾಕಮ್ಮನ ಮನೆ ದಾಟಿತು, ಬೆಲ್ಲದ ಅಂಗಡಿ ದಾಟಿತು, ಸಣ್ಣಗಾಯಿತು, ಆದರೂ ಇತ್ತು. ಸೈಕಲ್ ಅಂಗಡಿಯ ಹತ್ತಿರ ನಿಂತುಹೋಯಿತು.

ನಾನು ಎದ್ದು ನಿಂತೆ. ತರಕಾರಿ ಗಾಡಿಯವರೂ ಅತ್ತಲೇ ನೋಡಿದರು. ಹೋಗಿಬಿಡಲೇ? ನೀರು, ಬೀಸಣಿಗೆ, ಮಾತ್ರೆ? ಕುರ್ಚಿಯ ಬೆನ್ನನ್ನು ಉಗುರು ಇಳಿಯುವ ಹಾಗೆ ಹಿಡಿದುಕೊಂಡೆ. ನಿಂತಿದ್ದು ಎದೆಯೋ, ಬರೀ ಮಾತೋ ಗೊತ್ತಾಗದೆ ಹೋಯಿತು.

“ಮುನಿಸ್ವಾಮಿ, ಅವತ್ತು ನಾನು ಹಾಗೆ ಅನ್ನಬಾರದಿತ್ತು” ಎಂದು ಕೆಂಪನ ಧ್ವನಿ ಕೇಳಿಸಿತು. ಮುನಿಸ್ವಾಮಿ ಏನೆಂದನೋ ನನಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಆ ತುದಿಯಿಂದ ಕೆಂಪನದೇ ಇನ್ನೊಂದು ಕೂಗು ಬಂತು. “ಏಯ್, ಕೈ ಹಿಡಿಯೋನು ಹಿಂಗಾ ಗೂನು ಹಾಕ್ಕೊಂಡು ನಡೆಯೋದು? ಬೆನ್ನು ನೆಟ್ಟಗೆ!” ತರಕಾರಿ ಗಾಡಿಯ ಹತ್ತಿರ ನಿಂತಿದ್ದ ಹೆಂಗಸರೆಲ್ಲ ತಮಗೆ ತಿಳಿಯದೆಯೇ ನೆಟ್ಟಗಾದರು.

ಅವನು ಹಿಂದಿರುಗುವ ಹೊತ್ತಿಗೆ ಅವನ ಕೈಯನ್ನು ಮುಂದಿನವರಿಗೆ ದಾಟಿಸಿ ಬಂದಿದ್ದ ಸಾಕಮ್ಮ ತನ್ನ ಮನೆಯೊಳಗೆ ಹಾರೆಯಿಂದ ಬೆತ್ತದ ಕುರ್ಚಿಯ ಬುಡದ ಚಪ್ಪಡಿ ಮೀಟುವ ಸದ್ದು ಕೇಳುತ್ತಿತ್ತು. ಕೆಂಪ ಮೆಟ್ಟಿಲ ಹತ್ತಿರ ನಿಂತು ಸುಧಾರಿಸಿಕೊಂಡ. ಮುಖ ಬೆವರಿತ್ತು, ಆದರೆ ಬೂದಿ ಬಣ್ಣವಿರಲಿಲ್ಲ. ಕುರ್ಚಿಯ ಪಕ್ಕದಲ್ಲೇ ಹಾದು ಒಳಗೆ ಬಂದ, ಅಭ್ಯಾಸದಂತೆ ಕಿಟಕಿಯ ಕಡೆ ನೋಡಿದ. ಅಲ್ಲಿ ಬರೀ ನೆಲ, ಮೇಲೆ ನಾಲ್ಕು ಗುರುತು.

“ಅಮ್ಮಾ, ನೀರು” ಎಂದ.

ನಾನು ಆಗಲೇ ಅರ್ಧ ಎದ್ದಿದ್ದೆ. ಕೈ ತಂಬಿಗೆಯ ಕಡೆಗೆ ಚಾಚಿತ್ತು. ಬಾಯಾರಿ ಬಂದ ಮಗ ನೀರು ಕೇಳಿದಾಗ ತಿರುಗಿ ಕೂತುಕೊಳ್ಳುವುದು ಎಷ್ಟು ನಾಚಿಕೆಯ ಕೆಲಸ ಎಂದು ನನಗೆ ತಿಳಿದದ್ದು ಆಗ. ಕುರ್ಚಿ ಹೊರಗಿಡುವಾಗ ಕೂಡ ಅಷ್ಟು ನಾಚಿಕೆಯಾಗಿರಲಿಲ್ಲ. ಕೂತೆ. ಅವನ ಮುಖ ನೋಡದೆ, “ಮಡಕೇಲಿದೆ” ಎಂದೆ.

ಅವನು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದ. ಮಡಕೆಯ ಮುಚ್ಚಳ ತೆಗೆದ ಸದ್ದು, ಲೋಟ ಮುಳುಗಿದ ಸದ್ದು, ಗುಟುಕು ಗುಟುಕಾಗಿ ಕುಡಿದ ಸದ್ದು. ಇನ್ನು ಬರುತ್ತಾನೆ ಎಂದು ಕಣ್ಣೊರೆಸಿಕೊಂಡೆ. ಬರಲಿಲ್ಲ. ಲೋಟ ಇನ್ನೊಂದು ಸಲ ಮುಳುಗಿತು. ತುಂಬಿದ ಲೋಟವನ್ನು ಚೆಲ್ಲದ ಹಾಗೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ, ನಾನು ಕೂತಿದ್ದ ಕಡೆಗೆ ಅವನು ನಡೆದು ಬಂದ.